ಬಾಯೊಳಗೊಂದು ಸಂಸಾರ

ಗಾಜಿನ ತೊಟ್ಟಿ ಇಟ್ಟವರು ಏಂಜಲ್, ಗಪ್ಪಿ, ಗೋಲ್ಡ್‌ಫಿಶ್ ಎಂದು ಅಂಗಡಿ ಸುತ್ತುತ್ತಾರೆ. ಟಿಲಾಪಿಯಾ ಎಂದರೆ ಮೂಗು ಮುರಿಯುತ್ತಾರೆ. ಅದು ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಮೀನಲ್ಲವೇ! ಆದರೆ ಬೆಳಗಾವಿಯ ಶಿವಬಸವ ನಗರದಲ್ಲಿ ಮೀನನ್ನು ನಡುಮನೆಯಲ್ಲಿ ಸಾಕಿ, ಅಡುಗೆಮನೆಗೆ ಮಾತ್ರ ಬಿಟ್ಟುಕೊಳ್ಳದ ಮನೆಗಳೂ ಉಂಟು. ಅಂಥವರಿಗೆ ರುಚಿಯ ಲೆಕ್ಕ ಏಕೆ? ನೋಡುವ ಸುಖದಲ್ಲಿ ಈ ಮೀನಿಗೆ ಸಾಟಿ ಕಡಿಮೆ.

ಗಂಡನ್ನೇ ನೋಡಿ. ಬೆದೆಗೆ ಬಂದಾಗ ಅದರ ಬೂದು ಮೈ ಕಪ್ಪಾಗುತ್ತದೆ, ಗಂಟಲು ಬೆಳ್ಳಗಾಗುತ್ತದೆ, ರೆಕ್ಕೆಯ ಅಂಚಿಗೆ ಕೆಂಪೇರುತ್ತದೆ. ಬಾಯ್ತುಂಬ ಮರಳು ಕಚ್ಚಿ ಆಚೆ ಉಗುಳುತ್ತ ತಳದಲ್ಲಿ ಬೋಗುಣಿಯಂಥ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ತಡಮಾಡದೆ ಬಾಯಿಗೆ ಎತ್ತಿಕೊಳ್ಳುತ್ತದೆ. ಅಲ್ಲಿಗೆ ಗಂಡಿನ ಸಂಸಾರ ಮುಗಿಯಿತು. ಮುಂದಿನದೆಲ್ಲ ತಾಯಿಯ ಪಾಡು.

ಮೂರರಿಂದ ಐದು ದಿನದಲ್ಲಿ ಬಾಯೊಳಗೇ ಮೊಟ್ಟೆಯೊಡೆದು ಮರಿಗಳಾಗುತ್ತವೆ. ತಾಯಿಯ ಗದ್ದ ಉಬ್ಬಿರುತ್ತದೆ. ಮೇವು ಹಾಕಿದರೂ ಅದು ಹೆಚ್ಚಾಗಿ ಮುಟ್ಟುವುದಿಲ್ಲ. ಮರಿಗಳು ಹೊರಬಂದು ಈಜತೊಡಗಿದ ಮೇಲೂ, ಗಾಜಿನ ಹತ್ತಿರ ಒಂದು ನೆರಳು ಸುಳಿದರೆ ಸಾಕು, ಅಷ್ಟೂ ಮತ್ತೆ ಬಾಯೊಳಗೆ!

ಇದರ ತವರು ಆಫ್ರಿಕಾದ ಆಗ್ನೇಯ ಭಾಗ. ಜಾಂಬೆಝಿಯ ಕೆಳಹರಿವಿನಿಂದ ದಕ್ಷಿಣ ಆಫ್ರಿಕಾದ ಕರಾವಳಿ ಹೊಳೆಗಳವರೆಗೆ, ನಿಧಾನವಾಗಿ ಸಾಗುವ ಬೆಚ್ಚನೆಯ ನೀರು ಇದಕ್ಕೆ ಒಗ್ಗುತ್ತದೆ. ಉಪ್ಪು ನೀರನ್ನೂ ತಾಳಿಕೊಳ್ಳುತ್ತದೆ. ಪಾಚಿಯಿಂದ ಹಿಡಿದು ಹುಳುವಿನವರೆಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಭಾರತಕ್ಕೆ ಬಂದದ್ದು 1952ರಲ್ಲಿ, ಅಗ್ಗದ ಪ್ರೋಟೀನ್ ಎಂಬ ಆಸೆಯಿಂದ. ಆದರೆ ಕೊಳದಲ್ಲಿ ಸಂತಾನ ಮಿತಿಮೀರಿತು, ಮೀನು ಗಿಡ್ಡಾಯಿತು. ಮೇವಿನ ಪೈಪೋಟಿಯಲ್ಲಿ ದೇಸಿ ಮೀನುಗಳು ಹಿಂದೆ ಬಿದ್ದವು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ವಿಚಿತ್ರವೆಂದರೆ, ತವರಿನಲ್ಲಿ ಇದೇ ಮೀನು ಈಗ ಅಪಾಯದಲ್ಲಿದೆ: ಅಲ್ಲಿಗೆ ತಂದುಬಿಟ್ಟ ಇನ್ನೊಂದು ಜಾತಿಯಾದ ನೈಲ್ ಟಿಲಾಪಿಯಾದೊಡನೆ ಬೆರೆತು ಶುದ್ಧ ತಳಿ ಕರಗುತ್ತಿದೆ.

ಹೊಳೆದಡದ ಖಾನಾಪುರದವರು ಈ ಮೀನಿನ ಆಕ್ರಮಣವನ್ನು ತುಸು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಕಣಕುಂಬಿಯಲ್ಲಿ ಹುಟ್ಟಿ ಬಂಡೆಗಳ ನಡುವೆ ರಭಸದಿಂದ ಇಳಿಯುವ ಮಲಪ್ರಭೆ ಟಿಲಾಪಿಯಾಕ್ಕೆ ಅಷ್ಟಾಗಿ ಹಿಡಿಸುವ ಜಾಗವಲ್ಲ. ಆದರೆ ನೀರು ನಿಂತಲ್ಲಿ ಅದು ಬೇರೂರುತ್ತದೆ. ಬಾಂದಾರದ ಹಿನ್ನೀರು, ಬೇಸಿಗೆಯ ಮಡು, ಕೆಳಗೆ ಸವದತ್ತಿಯ ನವಿಲುತೀರ್ಥ ಜಲಾಶಯ, ಎಲ್ಲವೂ ಅದಕ್ಕೆ ಅನುಕೂಲ. ಒಮ್ಮೆ ನೆಲೆಯಾದರೆ ಮತ್ತೆ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ.

ಹಾಗಾಗಿ ಸಾಕುವವರು ಕನಿಷ್ಠ ನಾಲ್ಕಡಿ ತೊಟ್ಟಿ ಇಡಿ, ಗುಂಡಿ ತೋಡಲು ಮರಳು ಹಾಕಿ, ಜೊತೆಗೆ ಸಣ್ಣ ಮೀನು ಬಿಡಬೇಡಿ. ಮರಿ ಹೆಚ್ಚಾದರೆ ಅಂಗಡಿಗೆ ಮರಳಿಸಿ ಇಲ್ಲವೇ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಪುಣ್ಯ ಬರುತ್ತದೆಂದು ಅಸೋಗಾದ ಹೊಳೆಗಾಗಲಿ ಬೆಳಗಾವಿಯ ಕೋಟೆ ಕೆರೆಗಾಗಲಿ ಮಾತ್ರ ಬಿಡಬೇಡಿ.