ಗೆಜ್ಜೆ ಬಿಚ್ಚಿಟ್ಟ ಮೇಲೆ: ರಘು ದೀಕ್ಷಿತರ ಸಿನಿಮಾ ಸಂಗೀತ

ಬ್ಯಾಂಡ್ ಕಟ್ಟಿ ಹಾಡುವವರು ಸಿನಿಮಾಕ್ಕೆ ಹೋದರೆ ಕೆಟ್ಟರು ಎನ್ನುವವರು ನಮ್ಮಲ್ಲಿ ಹೆಚ್ಚು. ರಘು ದೀಕ್ಷಿತರ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ.

ಅವರಿಗೆ ಬಾಗಿಲು ತೆರೆದವರೇ ಸಿನಿಮಾದವರು. ಪೆಂಟಾಗ್ರಾಮ್ ರಾಕ್ ಬ್ಯಾಂಡಿನ ಗಾಯಕ ವಿಶಾಲ್ ದದ್ಲಾನಿ, ಶೇಖರ್ ಜೊತೆ ಸೇರಿ ಹೆಸರು ಮಾಡಿದ್ದು 2003ರ 'ಝಂಕಾರ್ ಬೀಟ್ಸ್'ನಿಂದ. ಅದು ನಮ್ಮ ಸಾಂತಾಕ್ರೂಜ್‌ನಲ್ಲೇ ಬಾಳಿದ ಆರ್.ಡಿ. ಬರ್ಮನ್‌ಗೆ ಸಲ್ಲಿಸಿದ ಕಾಣಿಕೆ. 2008ರಲ್ಲಿ ಇದೇ ಜೋಡಿ ತಮ್ಮ ಲೇಬಲ್ಲಿನಿಂದ ರಘು ಅವರ ಮೊದಲ ಆಲ್ಬಮ್ 'ಅಂತರಾಗ್ನಿ'ಯನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲೇ ಶಿಶುನಾಳ ಶರೀಫರ ಪದಗಳು ಅಲ್ಲಿದ್ದವು. ಮುಂಬೈಯಲ್ಲಿ ಕೂತು ಅದನ್ನು ಕೇಳಿದ ಕನ್ನಡಿಗರಿಗೆ ಅದು ಸಣ್ಣ ಸಂಗತಿಯಲ್ಲ.

ಅದೇ ವರ್ಷ 'ಸೈಕೋ' ಬಂತು. ಚಿತ್ರ ಮರೆತುಹೋಗಿದೆ, ಮಹದೇಶ್ವರನ ಹಾಡು ಉಳಿದಿದೆ. ಅದರ ಶಕ್ತಿಯೂ ದೋಷವೂ ಒಂದೇ: ಅದಕ್ಕೆ ಚಿತ್ರವೇ ಬೇಕಿಲ್ಲ. ಲುಂಗಿಯುಟ್ಟು, ಗೆಜ್ಜೆ ಕಟ್ಟಿ, ಎದೆ ತುಂಬಿ ಹಾಡುವ ವೇದಿಕೆಯ ರಘು ಅಲ್ಲಿ ಹಾಗೇ ಇದ್ದಾರೆ. ವೇದಿಕೆಯ ಹಾಡುಗಾರ ಎಲ್ಲರ ಕಣ್ಣು ತನ್ನ ಮೇಲಿರಲಿ ಎಂದು ಬಯಸುತ್ತಾನೆ. ಸಿನಿಮಾ ಸಂಗೀತಗಾರ ಪಾತ್ರದ ಹಿಂದೆ ನಿಲ್ಲಬೇಕು.

ಆ ಹಿಂದೆ ಸರಿಯುವಿಕೆ ಮೊದಲು ಕಾಣುವುದು ಸುದೀಪ್ ನಿರ್ದೇಶನದ 'ಜಸ್ಟ್ ಮಾತ್ ಮಾತಲ್ಲಿ'ಯಲ್ಲಿ (2010). 'ಮುಂಜಾನೆ ಮಂಜಲ್ಲಿ'ಯಲ್ಲಿ ಹಾಡುವ ದನಿ ಅವರದೇ, ಆದರೆ ಅಬ್ಬರವಿಲ್ಲ. ಕೂಗುವ ಶಕ್ತಿಯಿದ್ದವನು ಮೆಲ್ಲಗೆ ಹಾಡಿದಾಗ ಹುಟ್ಟುವ ಬಿಗಿ ಅಲ್ಲಿದೆ. 2020ರ 'ಲವ್ ಮಾಕ್ಟೇಲ್'ನಲ್ಲಿ ಇನ್ನೂ ಒಂದು ಹೆಜ್ಜೆ. ಜನರ ಬಾಯಲ್ಲಿ ಉಳಿದ 'ಲವ್ ಯೂ ಚಿನ್ನ'ವನ್ನು ಬೇರೆ ದನಿಗೆ ಬಿಟ್ಟುಕೊಟ್ಟು, ಆದಿ–ನಿಧಿಯರ ಕತೆಗೆ ಜಾಗ ಮಾಡಿದ್ದಾರೆ.

ಹಿಂದಿಯ ಕತೆ ಬೇರೆ. ನೂಪುರ್ ಅಸ್ಥಾನಾ ಅವರ 'ಮುಝ್‌ಸೆ ಫ್ರಾಂಡ್‌ಶಿಪ್ ಕರೋಗೆ' (2011), 'ಬೇವಕೂಫಿಯಾಂ' (2014) ಚಿತ್ರಗಳ ಹಾಡುಗಳು ಅಚ್ಚುಕಟ್ಟಾಗಿವೆ, ಲವಲವಿಕೆಯಿಂದಿವೆ. ಆದರೆ ಹೆಸರು ಮುಚ್ಚಿ ಕೇಳಿಸಿದರೆ ಇವು ರಘು ಅವರವೆಂದು ಗುರುತಿಸುವುದು ಕಷ್ಟ. ಅಲ್ಲಿ ಅವರು ಹಿಂದೆ ಸರಿದಿಲ್ಲ, ಕಾಣೆಯಾಗಿದ್ದಾರೆ. ಮನೆಯಲ್ಲಿ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು ಎಂದು ಬದುಕುವ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ರಾಕ್ ಬಿಟ್ಟರೇ ಎಂಬುದಲ್ಲ. ದನಿ ತಗ್ಗಿಸಿದಾಗಲೂ ನುಡಿಯ ಸೊಗಡು ಉಳಿಯಿತೇ ಎಂಬುದು. ಕನ್ನಡದಲ್ಲಿ ಉಳಿದಿದೆ. ಹಿಂದಿಯಲ್ಲೂ ಅದನ್ನು ಉಳಿಸಿಕೊಳ್ಳುವ ಧೈರ್ಯ 'ಮೈಸೂರು ಸೇ ಆಯೀ' ಹಾಡಿದವರಿಗೆ ಇಲ್ಲದೇ ಇಲ್ಲ. ಕೊಡುವ ನಿರ್ದೇಶಕರು ಬೇಕು, ಕೇಳಿ ಪಡೆಯುವ ಹಟವೂ ಬೇಕು.