ಜ್ಞಾಪನೆಯ ಬಲವೂ ಅದರ ಮಿತಿಯೂ

ಎಚ್.ಐ.ವಿ. ಚಿಕಿತ್ಸೆಯ ನಿಯಮಾವಳಿಯನ್ನು ಚೆನ್ನಾಗಿ ಬಲ್ಲ ವೈದ್ಯರೂ ರೋಗಿಗಳ ಸಂದಣಿಯ ನಡುವೆ ಅದರಲ್ಲೊಂದನ್ನು ಮರೆಯುವುದು ಸಹಜ. ನಮ್ಮ ದೇಶದ ನಿಯಮದಂತೆ ಔಷಧವನ್ನು ಆರಂಭಿಸಿದ 6ನೆಯ ಮತ್ತು 12ನೆಯ ತಿಂಗಳಲ್ಲಿ, ಅನಂತರ ವರ್ಷಕ್ಕೊಮ್ಮೆ, ರಕ್ತದಲ್ಲಿರುವ ವೈರಾಣುವಿನ ಪ್ರಮಾಣವನ್ನು ಅಳೆಯಬೇಕು. ಪ್ರತಿಯೊಂದು ಭೇಟಿಯಲ್ಲಿಯೂ ಕೆಮ್ಮು, ಜ್ವರ, ತೂಕದ ಇಳಿತ, ರಾತ್ರಿಯ ಬೆವರು ಇವುಗಳನ್ನು ವಿಚಾರಿಸಿ ಕ್ಷಯವನ್ನು ಶಂಕಿಸಬೇಕು. ಇಂತಹ ಮರೆವಿಗೆ ಗಣಕಯಂತ್ರವು ನೀಡುವ ಜ್ಞಾಪನೆಯೇ ಮದ್ದೆಂಬ ಅಭಿಪ್ರಾಯವುಂಟು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಕಣ್ಣಮುಂದಿರಿಸಿಕೊಂಡು ಈ ಅಭಿಪ್ರಾಯವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

ಮೊದಲಿಗೆ ಪರವಾದ ಸಾಕ್ಷ್ಯ. ಪಶ್ಚಿಮ ಕೀನ್ಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿ.ಡಿ.4 ಪರೀಕ್ಷೆಯ ಅವಧಿ ಮೀರಿದುದನ್ನು ರೋಗಿಯ ಸಾರಾಂಶಪತ್ರದಲ್ಲಿಯೇ ಮುದ್ರಿಸಿ ಕೊಡಲಾಯಿತು. ಹಾಗೆ ಕೊಟ್ಟ ಚಿಕಿತ್ಸಾಲಯದಲ್ಲಿ ಅಂತಹ ಭೇಟಿಗಳ ಪೈಕಿ ನೂರಕ್ಕೆ 53ರಲ್ಲಿ, ಕೊಡದ ಚಿಕಿತ್ಸಾಲಯದಲ್ಲಿ ನೂರಕ್ಕೆ 38ರಲ್ಲಿ ಪರೀಕ್ಷೆಯನ್ನು ಬರೆಯಲಾಯಿತು. ಲಾಭವು ಸ್ಪಷ್ಟವಾಗಿದೆ. ಆದರೆ ಜ್ಞಾಪನೆಯು ಕಣ್ಣೆದುರಿಗಿದ್ದಾಗಲೂ ಹೆಚ್ಚುಕಡಿಮೆ ಅರ್ಧದಷ್ಟು ಸಂದರ್ಭಗಳಲ್ಲಿ ಪರೀಕ್ಷೆಯನ್ನು ಬರೆಯಲಿಲ್ಲವೆಂಬುದನ್ನು ನಾವು ಮರೆಯಲಾಗದು. ಮೇಲಾಗಿ ಅಲ್ಲಿ ಅಳೆದುದು ಚಿಕಿತ್ಸಕರ ಬರಹವನ್ನೇ ಹೊರತು ರೋಗಿಯ ಆರೋಗ್ಯವನ್ನಲ್ಲ.

ಇದರೊಡನೆ ದಕ್ಷಿಣ ಭಾರತದ ಅಧ್ಯಯನವೊಂದನ್ನು ಇಟ್ಟು ನೋಡಬೇಕು. ಅದು 2014ರಲ್ಲಿ ಪ್ರಕಟವಾಯಿತು. ಅಲ್ಲಿ ಜ್ಞಾಪನೆಯು ವೈದ್ಯರಿಗಲ್ಲ, ರೋಗಿಗಳಿಗೆ. 631 ಮಂದಿಯಲ್ಲಿ ಒಂದು ಭಾಗಕ್ಕೆ ವಾರಕ್ಕೊಮ್ಮೆ ದೂರವಾಣಿಯ ಕರೆಯೂ ಚಿತ್ರಸಂದೇಶವೂ ಹೋಗುತ್ತಿದ್ದವು. 96 ವಾರಗಳ ಬಳಿಕ ಚಿಕಿತ್ಸೆಯ ವೈಫಲ್ಯದಲ್ಲಿ ಎರಡು ಭಾಗಗಳ ನಡುವೆ ಗಣನೀಯವಾದ ಅಂತರವು ಕಂಡುಬರಲಿಲ್ಲ. ಈ ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ತೋರುವುದು ಇಷ್ಟು: ಲೋಪಕ್ಕೆ ಮರೆವು ಕಾರಣವಾಗಿದ್ದು, ಮಾಡಬೇಕಾದ ಕೆಲಸವು ಕೈಗೆಟಕುವಂತಿದ್ದರೆ ಜ್ಞಾಪನೆಗೆ ಬಲವುಂಟು, ಕಾರಣವು ಬೇರೆಯಾಗಿದ್ದರೆ ಅದಕ್ಕೆ ಬಲವಿಲ್ಲ.

ನಾವು ಹೇಳಿದ ತಾಲೂಕುಗಳಲ್ಲಿ ಕಾರಣವು ಅನೇಕ ವೇಳೆ ಬೇರೆಯೇ ಆಗಿರುತ್ತದೆ. ಭೀಮಾತೀರದ ಈ ಸೀಮೆಯಿಂದ ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳುಂಟು. ರೋಗಿಯು ಬಂದು ಆತನ ದಾಖಲೆಯನ್ನು ತೆರೆದಾಗ ಮಾತ್ರ ವೈದ್ಯರ ಜ್ಞಾಪನೆಯು ಕಾಣಿಸುವುದಾದರೆ, ಬಾರದವನ ವಿಷಯದಲ್ಲಿ ಅದು ಮೂಕವಾಗಿಯೇ ಉಳಿಯುತ್ತದೆ. ಆದಕಾರಣ ಬಂದವರ ಬಾಕಿ ಪರೀಕ್ಷೆಗಳ ಪಟ್ಟಿಗಿಂತ ಬಾರದವರ ಪಟ್ಟಿಯೇ ಇಲ್ಲಿ ಹೆಚ್ಚು ಅವಶ್ಯ. ಗುಳೆ ಹೊರಡುವ ಮುನ್ನವೇ ಹೆಚ್ಚಿನ ತಿಂಗಳ ಗುಳಿಗೆಗಳನ್ನು ಕೊಡಬೇಕೇ, ಹೋದ ಊರಿನ ಕೇಂದ್ರಕ್ಕೆ ಪತ್ರ ಬರೆಯಬೇಕೇ ಎಂಬ ಪ್ರಶ್ನೆಯನ್ನು ಯಂತ್ರವು ವೈದ್ಯರ ಮುಂದಿಡಲಿ. 2018ರಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯು ರೋಗಿಯ ಗೋಪ್ಯತೆಯನ್ನು ರಕ್ಷಿಸುವುದರಿಂದ, ಆ ಪಟ್ಟಿಯು ಯಾರ ಕೈ ಸೇರುವುದೆಂಬುದನ್ನೂ ಮೊದಲೇ ನಿರ್ಣಯಿಸಬೇಕು.

ಜ್ಞಾಪನೆಯನ್ನು ನಾವು ತಿರಸ್ಕರಿಸುವುದಿಲ್ಲ. ವೈದ್ಯರ ಮರೆವನ್ನು ಅದು ತಿದ್ದಬಲ್ಲುದು. ರೋಗಿಯ ಬಡತನವನ್ನೂ ಮರೆವೆಂದು ಎಣಿಸುವ ತಪ್ಪಿಗೆ ಮಾತ್ರ ಅದು ನೆಪವಾಗಬಾರದು.