ವಾಲಿ ಕೇಳಿದ್ದು, ರಾಮ ಹೇಳಿದ್ದು

ಏಳನೆಯ ತರಗತಿಯ ಮಕ್ಕಳಿಗೆ ವಾದ ಮಂಡಿಸಿ ಬರೆಯುವುದನ್ನು ಕಲಿಸುವಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಶಬ್ದಗಳು ಒಣಒಣ: ನಿಲುವು, ಕಾರಣ, ಆಧಾರ, ಎದುರುವಾದ, ಖಂಡನೆ. ಇವಕ್ಕೆ ಜೀವ ಬರುವುದನ್ನು ಕಾಣಬೇಕಾದರೆ ಮಳೆಗಾಲದಲ್ಲಿ ಕರಾವಳಿಯ ಕಡೆ ಹೋಗಿ ತಾಳಮದ್ದಳೆಗೆ ಕೂರಬೇಕು. ಪ್ರಸಂಗ ವಾಲಿಮೋಕ್ಷವಾದರೆ ಕೇಳುವುದೇ ಬೇಡ.

ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಪದ್ಯ ನಾಲ್ಕೇ ಸಾಲು, ಅದಕ್ಕೆ ಹೇಳುವ ಅರ್ಥ ಎಷ್ಟು ದೂರಕ್ಕೂ ಹೋದೀತು. ಬಾಯಿಪಾಠದ ಮಾತಲ್ಲವಾದ್ದರಿಂದ ಎದುರಿನವರು ಹೇಳಿದ್ದನ್ನು ಕಿವಿಗೊಟ್ಟು ಕೇಳದೆ ಉತ್ತರಿಸುವಂತಿಲ್ಲ. (ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಮಕ್ಕಳು ಮನೆಯಲ್ಲೇ ಉರುಹೊಡೆದು ಬಂದು ಒಪ್ಪಿಸುತ್ತಾರೆ, ಅದು ಚರ್ಚೆಯಲ್ಲ, ಎರಡು ಭಾಷಣ.) ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಅರ್ಥ ಹೇಳಿದರೆ, ಬಾಣ ಬಿಟ್ಟವನೇ ಕಟಕಟೆಯಲ್ಲಿ ನಿಂತ ಹಾಗಿರುತ್ತಿತ್ತು.

ಈ ವಾದದ ಬೇರು ಇರುವುದು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ, 17 ಮತ್ತು 18ನೆಯ ಸರ್ಗಗಳಲ್ಲಿ. ತಮ್ಮ ಸುಗ್ರೀವನೊಡನೆ ಕಾದುತ್ತಿದ್ದಾಗ ರಾಮ ಮರೆಯಿಂದ ಬಿಟ್ಟ ಬಾಣ ಎದೆಗೆ ನೆಟ್ಟು ಬಿದ್ದವನು ಕಪಿರಾಜ ವಾಲಿ. ಆದರೂ ಅವನ ಮಾತಿನ ಕಟ್ಟು ನೋಡಿ. ನೀನು ಮಾಡಿದ್ದು ಅಧರ್ಮ ಎಂಬುದು ನಿಲುವು. ನಾನು ಇನ್ನೊಬ್ಬನೊಡನೆ ಕಾದುತ್ತಿದ್ದೆ, ನಿನ್ನ ನಾಡಿಗೆ ನಾನು ಕೇಡು ಬಗೆದವನಲ್ಲ, ನೀನು ಮರೆಯಿಂದ ಹೊಡೆದೆ ಎಂಬವು ಕಾರಣಗಳು. ಆಧಾರ ಕೊಡುವಲ್ಲಂತೂ ಅವನದು ಸೊಗಸಾದ ಪಟ್ಟು. ಐದು ಉಗುರಿನ ಪ್ರಾಣಿಗಳಲ್ಲಿ ಮುಳ್ಳುಹಂದಿ, ಉಡ, ಮೊಲ, ಆಮೆ ಮೊದಲಾದ ಐದನ್ನಷ್ಟೇ ತಿನ್ನಬಹುದೆಂದು ಶಾಸ್ತ್ರ ಹೇಳುತ್ತದಲ್ಲ, ಕಪಿ ಆ ಲೆಕ್ಕದಲ್ಲಿ ಇಲ್ಲವಲ್ಲ, ನನ್ನ ಚರ್ಮವೂ ನಿಮ್ಮಂಥವರಿಗೆ ಹೊದೆಯಲು ಬಾರದಲ್ಲ ಎನ್ನುತ್ತಾನೆ. ಎದುರಾಳಿ ತಲೆಬಾಗುವ ಶಾಸ್ತ್ರವನ್ನೇ ತಂದು ಅವನ ಮುಂದೆ ಹರಡುವುದೆಂದರೆ ಇದು. ಸೀತೆಗಾಗಿ ಇಷ್ಟೆಲ್ಲ ಮಾಡಿದೆಯಾ, ನನ್ನನ್ನೊಂದು ಮಾತು ಕೇಳಿದ್ದರೆ ಒಂದೇ ದಿನದಲ್ಲಿ ಕರೆತರುತ್ತಿದ್ದೆ ಎಂಬುದು ಇನ್ನೊಂದು ಏಟು. ಅದು ತರ್ಕಕ್ಕಿಂತ ಹೆಚ್ಚಾಗಿ ಕರುಳಿಗೆ ತಾಗುವ ಮಾತು.

ರಾಮ ಸಿಟ್ಟಾಗಿ ಬೈದು ಮುಗಿಸಬಹುದಿತ್ತು. ಬೈಗುಳ ಇದೆ, ಆದರೆ ಅದರ ಹಿಂದೆಯೇ ಖಂಡನೆಯೂ ಇದೆ. ಈ ಭೂಮಿಯೆಲ್ಲ ನಮ್ಮ ಇಕ್ಷ್ವಾಕು ವಂಶದ್ದು, ಆಳುವವನು ಭರತ, ನಾವು ಅವನ ಆಜ್ಞೆಯವರು ಎನ್ನುತ್ತಾನೆ. ಅಲ್ಲಿಗೆ ‘ನಿನ್ನ ನಾಡು’ ಎಂಬ ಕಾರಣ ಕುಸಿಯಿತು. ತಮ್ಮ ಮಗನ ಸಮಾನ, ತಮ್ಮನ ಹೆಂಡತಿ ಸೊಸೆಯ ಸಮಾನ. ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಮರಣವೇ ದಂಡ. ಇದಕ್ಕೆ ವಾಲಿಯ ಬಳಿ ಮಾತಿಲ್ಲ. ಇದರ ಮೇಲೆ, ಸುಗ್ರೀವನಿಗೆ ಕೊಟ್ಟ ಭಾಷೆಯೂ ಇತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತೇನೋ. ರಾಮ ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾನೆ: ಬೇಟೆಯವರು ಬಲೆಯೊಡ್ಡಿ, ಅಡಗಿ ನಿಂತು ಪ್ರಾಣಿಗಳನ್ನು ಕೊಲ್ಲುವುದಿಲ್ಲವೇ, ನೀನೂ ಕಪಿಯೇ. ಜಾಣ ಅರ್ಥಧಾರಿ ಕಾಯುವ ಬಿರುಕು ಇದೇ. ವಾಲಿ ಪ್ರಾಣಿಯಾದರೆ ರುಮೆಯ ವಿಷಯದಲ್ಲಿ ಮನುಷ್ಯರ ಧರ್ಮ ಅವನಿಗೆ ಹೇಗೆ ತಗಲೀತು? ತಗಲುವುದಾದರೆ ಅವನನ್ನು ಮೃಗದ ಹಾಗೆ ಹೊಡೆಯುವುದು ಹೇಗೆ? ಅದೇ ಬಿರುಕು ವಾಲಿಯ ಕಡೆಯೂ ಇದೆ. ಮಾಂಸ ಚರ್ಮದ ಮಾತು ಬಂದಾಗ ಕಪಿ, ಯುದ್ಧಧರ್ಮದ ಮಾತು ಬಂದಾಗ ಕ್ಷತ್ರಿಯನಿಗೆ ಸಮ! ಇಬ್ಬರೂ ಒಂದೊಂದು ಕಾಲನ್ನು ಒಂದೊಂದು ದೋಣಿಯಲ್ಲಿಟ್ಟವರೇ. ಈ ಸಂದಿಯಲ್ಲಿ ನುಗ್ಗಿ ಒಬ್ಬರನ್ನೊಬ್ಬರು ಅಲುಗಿಸುವಾಗ ಸಭೆಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ.

ನ್ಯಾಯಶಾಸ್ತ್ರದವರು ಸತ್ಯ ತಿಳಿಯಲು ಆಡುವುದನ್ನು ವಾದವೆಂದರು, ಗೆಲ್ಲಲೆಂದೇ ಆಡುವುದನ್ನು ಜಲ್ಪವೆಂದರು, ತನ್ನದೆಂಬ ಪಕ್ಷವೇ ಇಲ್ಲದೆ ಬರಿದೆ ಕೆಡವುವುದನ್ನು ವಿತಂಡವೆಂದರು. ತಾಳಮದ್ದಳೆಯ ರಾತ್ರಿಯಲ್ಲಿ ಈ ಮೂರೂ ಸುಳಿಯುವುದುಂಟು. ಕೊನೆಯದು ಬಂದಾಗ ರಸಿಕರಿಗೆ ತಕ್ಷಣ ಬೇಸರ ಹಿಡಿಯುತ್ತದೆ.

ನನ್ನ ತೀರ್ಪು ಕೇಳಿದರೆ, ರುಮೆಯ ವಿಷಯದಲ್ಲಿ ರಾಮ ಗೆದ್ದ. ಮರೆಯ ಬಾಣದ ವಿಷಯದಲ್ಲಿ ವಾಲಿಯ ಪ್ರಶ್ನೆ ಹಾಗೇ ಉಳಿಯಿತು. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಈ ಕತೆ ಹೇಳಿ ತರಗತಿಯ ಅರ್ಧ ಮಕ್ಕಳನ್ನು ವಾಲಿಯ ಕಡೆ, ಅರ್ಧ ಮಕ್ಕಳನ್ನು ರಾಮನ ಕಡೆ ಕೂರಿಸಿ. ಮಾರನೆಯ ದಿನ ಪಕ್ಷ ಬದಲಿಸಿ ಬರೆಸಿ.